ಐದನೆಯ ರಿಯಾಯಿತಿ

ರಾಡ್ನಿ ತಿಂಗಳಿಗೆ ನಲವತ್ತೊಂಬತ್ತು ಡಾಲರಿಗೆ ಎಲೆಕ್ಟ್ರಿಕ್ ಕಾರನ್ನು ಲೀಸಿಗೆ ತಂದನಲ್ಲ, ಅಂದಿನಿಂದ ಅವನ ಭಾವ ಮರ್ವಿನ್ ಟ್ರಾಸ್ಕನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಹೆಂಡತಿಯಿಂದ ಬೇರೆಯಾಗಿ ಬಾಡಿಗೆ ಕೋಣೆಯಲ್ಲಿ ಬಿದ್ದುಕೊಂಡಿರುವ ಈ ಸೋಮಾರಿಗೆ ಅಂಥ ಕಾರೇ?

ಮರ್ವಿನ್‌ನ ಹೆಂಡತಿ ಡಾರ್ಲಾಗೆ ತಮ್ಮನೆಂದರೆ ಪ್ರಾಣ. ಅವನಿಗೆ ಮನೆಯ ನೆಲಮಾಳಿಗೆ ಕೊಡೋಣವೆಂದು ಬೇಸಿಗೆಯಿಡೀ ಪೀಡಿಸಿದ್ದಳು. ಆದರೆ ಅಲ್ಲಿ ಮರ್ವಿನ್‌ನ ಆಟಿಕೆ ರೈಲು ಓಡುತ್ತಿತ್ತು. ಸುರಂಗ, ಸೇತುವೆ, ಸ್ಟೇಷನ್ನು ಎಲ್ಲ ಅವನೇ ಕೈಯಾರೆ ಕಟ್ಟಿದ್ದು. ಉಕ್ಕಿನ ಕಾರ್ಖಾನೆಯಿಂದ ಬಂದು ನೆಮ್ಮದಿಯಾಗಿ ಉಸಿರುಬಿಡಲು ಅವನಿಗಿದ್ದದ್ದು ಅದೊಂದೇ ಜಾಗ. “ನಾನಿರೋ ತನಕ ನಿನ್ನ ತಮ್ಮ ಅಲ್ಲಿ ಹಾಸಿಗೆ ಬಿಚ್ಚಲ್ಲ” ಎಂದು ಮೇಜು ಕುಟ್ಟಿ ಹೇಳಿದ್ದ.

ಸೆಪ್ಟೆಂಬರಿನ ಕೊನೆಯ ದಿನ ಬೆಳಿಗ್ಗೆ ಡಾರ್ಲಾ ಮೊಟ್ಟೆಯ ಮೇಲೆ ಹಸಿಮೆಣಸಿನ ಗೊಜ್ಜು ಸುರಿಯುತ್ತ ತಣ್ಣಗೆ ಅಂದಳು: “ಎಲೆಕ್ಟ್ರಿಕ್ ಕಾರಿನ ರಿಯಾಯಿತಿಗಳೆಲ್ಲ ಇವತ್ತಿಗೆ ಮುಗಿಯುತ್ತಂತೆ. ರಾಡ್ನಿ ನಲವತ್ತೊಂಬತ್ತಕ್ಕೆ ಮಾಡಿಸ್ಕೊಂಡ. ನಿನ್ ಕೈಲಿ ಆಗಲ್ಲ ಬಿಡು.”

ಆ ‘ಬಿಡು’ ಮರ್ವಿನ್‌ನ ನೆತ್ತಿಗೇರಿತು. “ಅವನಿಗಿಂತ ಕಡಿಮೆಗೆ ತರದಿದ್ರೆ ನನ್ನ ಹೆಸರು ಮರ್ವಿನ್ನೇ ಅಲ್ಲ!”

ತನ್ನ ಹಳೆಯ ಪಿಕಪ್ ಗಾಡಿಯನ್ನು ಗುಜರಿಗೆ ಕೊಟ್ಟರೆ ರಾಜ್ಯ ಸರ್ಕಾರದ ದೊಡ್ಡ ರಿಯಾಯಿತಿಯಿತ್ತು. ಆದರೆ ಗಾಡಿ ತಾನಾಗಿಯೇ ಓಡಿ ಶೋರೂಮಿಗೆ ಬರಬೇಕು, ಎಳೆದು ತರುವಂತಿಲ್ಲ. ಇಪ್ಪತ್ತು ವರ್ಷ ದುಡಿದ ಪಿಕಪ್ಪು ಅಂದೇ ಹಟ ಹಿಡಿದು ನಿಂತಿತು. ಮರ್ವಿನ್ ಚಕ್ರಕ್ಕೆ ಒದ್ದ. ಕಾಲೇ ನೊಂದಿತು.

ಪಕ್ಕದ ಮನೆಯ ಪಾಡಿಲ್ಯಾ ಅಜ್ಜಿ ಬೇಲಿಯಾಚೆಯಿಂದ ಇಣುಕಿದಳು. “ಒದ್ರೆ ಕತ್ತೆನೂ ಏಳಲ್ಲ ಮಗಾ. ನನ್ನ ಕಾರಿನ ಬ್ಯಾಟರಿಯಿಂದ ತಂತಿ ಕೊಡ್ತೀನಿ. ಹಾಗೇ ಈ ಹುರಿದ ಮೆಣಸಿನಕಾಯಿ ಮೂಟೆ ನನ್ನ ತಂಗಿ ಮನೆಗೆ ಹಾಕಿಬಿಡು.”

“ಅದು ಊರಾಚೆ ಅಲ್ವಾ ಅಜ್ಜಿ?”

“ನನ್ನ ತಂತಿ ಬೇಲಿ ದಾಟಬಹುದು, ನನ್ನ ಮೂಟೆ ಊರು ದಾಟಬಾರ್ದಾ?”

ಪಿಕಪ್ಪು ಶುರುವಾಯಿತು. ಜೊತೆಗೆ ಹಾರನ್ನೂ ಶುರುವಾಯಿತು, ನಿಲ್ಲಲೇ ಇಲ್ಲ. ಊರಾಚೆಗೂ ಅಲ್ಲಿಂದ ಶೋರೂಮಿನವರೆಗೂ ಹಾದಿಯ ಜನರೆಲ್ಲ ಅವನನ್ನು ಬೈದರು. ಅವನೂ ಬಾಕಿ ಉಳಿಸದೆ ತಿರುಗಿಸಿ ಬೈದ. ಹುರಿದ ಮೆಣಸಿನ ಘಾಟಿಗೆ ಕಣ್ಣು, ಮೂಗು ಸುರಿಯುತ್ತ ಅವನು ಒಳಗೆ ಹೋದಾಗ, ಸಾವಿನ ಮನೆಯಿಂದ ಬಂದವನೆಂದು ಬಗೆದು ಸೇಲ್ಸ್‌ಮನ್ ಬ್ರೆಂಟ್ ತಲೆಬಾಗಿ ನಿಂತ.

“ಅಳ್ತಿಲ್ಲ ಕಣಯ್ಯಾ! ಲೆಕ್ಕ ಹಾಕು!”

ಗುಜರಿ ಲಾರಿ ಪಿಕಪ್ಪನ್ನು ಹೇರಿಕೊಂಡು ಹೋಯಿತು. ಹಾರನ್ನು ರಸ್ತೆಯ ತಿರುವಿನವರೆಗೂ ಕೇಳುತ್ತಿತ್ತು. ಬ್ರೆಂಟ್ ಲೆಕ್ಕ ಹಾಕುತ್ತ ಹೋದ: ಕಂಪನಿಯದೊಂದು, ಕೇಂದ್ರ ಸರ್ಕಾರದ್ದೊಂದು, ಗುಜರಿಯದೊಂದು, ತಮ್ಮನ ಕಾರಿಗೆಂದು ಡಾರ್ಲಾ ಮನೆಗೆ ಚಾರ್ಜರ್ ಹಾಕಿಸಿದ್ದಕ್ಕೆ ವಿದ್ಯುತ್ ಕಂಪನಿಯದೊಂದು.

“ಐವತ್ತೆಂಟು, ಸಾರ್.”

“ನನ್ನ ಭಾವಮೈದುನಂಗೆ ನಲವತ್ತೊಂಬತ್ತು!”

“ಅವ್ರು ಹೋದ ತಿಂಗಳು ತಗೊಂಡಿದ್ದು, ಸಾರ್.”

“ನಿನ್ನ ಮ್ಯಾನೇಜರನ್ನ ಕರಿ! ಅವನ ಅಪ್ಪನನ್ನೂ ಕರಿ!”

ಮ್ಯಾನೇಜರ್ ಬಂದ, ನಕ್ಕ, ಹೋದ. ಮಧ್ಯಾಹ್ನ ಕಳೆಯಿತು. ಪಿಕಪ್ಪಿಲ್ಲ, ಕಾರಿಲ್ಲ, ಮನೆಗೆ ಹೋದರೆ ‘ಬಿಡು’ ಅನ್ನುವ ಹೆಂಡತಿ. ಮರ್ವಿನ್‌ಗೆ ಹಲ್ಲು ಕಡಿದು ಕಡಿದು ದವಡೆ ನೋಯತೊಡಗಿತು. ಕೊನೆಗೆ ಬ್ರೆಂಟ್ ಕನಿಕರದಿಂದ ಅಂದ: “ಇನ್ನೊಂದಿದೆ, ಸಾರ್. ಒಂದೇ ಮನೇಲಿರೋರು ಯಾರಾದ್ರೂ ನಮ್ಮ ಕಾರು ಲೀಸಿಗೆ ತಗೊಂಡಿದ್ರೆ, ಮನೆಮಂದಿ ರಿಯಾಯಿತಿ. ನಲವತ್ನಾಲ್ಕಕ್ಕೆ ಬರುತ್ತೆ. ಲೀಸು ಮುಗಿಯೋ ತನಕ ಇಬ್ಬರದೂ ಒಂದೇ ವಿಳಾಸ ಇರಬೇಕು, ಅಷ್ಟೇ.”

ನಲವತ್ನಾಲ್ಕು! ಮರ್ವಿನ್ ಕಹಿ ಔಷಧಿ ನುಂಗಿದಂತೆ ಮುಖ ಮಾಡಿ ರಾಡ್ನಿಗೆ ಫೋನು ಮಾಡಿದ. “ಲೋ, ನಿನ್ನ ಲೈಸೆನ್ಸಲ್ಲಿ ವಿಳಾಸ ನಮ್ಮನೇದು ಮಾಡಿಸ್ತೀಯಾ? ಬರೀ ಕಾಗದದಲ್ಲಿ ಕಣೋ.”

“ಅಯ್ಯೋ ಭಾವ, ನಿಂಗಲ್ದೆ ಇನ್ಯಾರಿಗೆ ಮಾಡ್ಲಿ?”

ಕಾಫಿ ಆರುವ ಮೊದಲೇ ಹೊಸ ವಿಳಾಸದ ಪತ್ರ ಫೋನಿಗೆ ಬಂತು. ಸೋಮಾರಿಗೆ ಇಷ್ಟು ಚುರುಕು ಎಲ್ಲಿಂದ ಬಂತೆಂದು ಯೋಚಿಸುವ ವ್ಯವಧಾನ ಮರ್ವಿನ್‌ಗಿರಲಿಲ್ಲ. ಮೂರು ವರ್ಷದ ಲೀಸಿಗೆ ಸಹಿ ಗೀಚಿದ.

ಸದ್ದೇ ಇಲ್ಲದ ಹೊಸ ಕಾರಿನಲ್ಲಿ ಶಿಳ್ಳೆ ಹೊಡೆಯುತ್ತ ಮನೆಗೆ ಬಂದ. ಬ್ಯಾಟರಿ ತಳ ಕಂಡಿತ್ತು. ಚಾರ್ಜರಿಗೆ ಆಗಲೇ ರಾಡ್ನಿಯ ಕೆಂಪು ಕಾರು ಅಂಟಿಕೊಂಡಿತ್ತು. ಅಂಗಳದಲ್ಲಿ ಪೆಟ್ಟಿಗೆಗಳು. ಒಂದರಿಂದ ಸೇತುವೆಯ ತುದಿ ಇಣುಕುತ್ತಿತ್ತು, ಇನ್ನೊಂದರಲ್ಲಿ ಸ್ಟೇಷನ್ನು ತಲೆಕೆಳಗಾಗಿತ್ತು. ಮರ್ವಿನ್ ಕಾರಿನಿಂದ ಜಿಗಿದು ಸ್ಟೇಷನ್ನನ್ನು ಎತ್ತಿ ನೆಟ್ಟಗೆ ಮಾಡಿದ. ಅಷ್ಟರಲ್ಲಿ ನೆಲಮಾಳಿಗೆಯ ಮೆಟ್ಟಿಲಿನಿಂದ ರಾಡ್ನಿ ಚಪ್ಪಲಿ ಎಳೆಯುತ್ತ ಮೇಲೆ ಬಂದ.

“ಏನೋ ಇದು! ಬರೀ ಕಾಗದದಲ್ಲಿ ಅಂದಿದ್ದೆ!”

“ಸರ್ಕಾರಿ ಕಾಗದದಲ್ಲಿ ಸುಳ್ಳು ಬರೆಯೋಕಾಗುತ್ತಾ ಭಾವ? ಅವ್ರು ಬಂದು ನೋಡಿದ್ರೆ ಐದೂ ರಿಯಾಯಿತಿ ವಾಪಸ್ಸು ಕೊಡಬೇಕಾಗುತ್ತೆ. ಈ ಮನೆಮಂದಿ ರಿಯಾಯಿತಿ ವಿಷಯಾನ ಹೋದ ವಾರವೇ ಅಕ್ಕಂಗೆ ಎಲ್ಲ ಬಿಡಿಸಿ ಹೇಳಿದ್ದೆ.”

ಮರ್ವಿನ್ ತಿರುಗಿ ನೋಡಿದ. ಡಾರ್ಲಾ ಕಿಟಕಿಯಲ್ಲಿ ನಿಂತು ಹೊಸ ಕಾರನ್ನು ಬಹಳ ಮೆಚ್ಚುಗೆಯಿಂದ ನೋಡುತ್ತಿದ್ದಳು.

“ಆ ತಂತಿ ಕೀಳು! ಬೆಳಿಗ್ಗೆ ನಾನು ಕೆಲಸಕ್ಕೆ ಹೋಗ್ಬೇಕು!”

“ನಂದು ತುಂಬೋಕೆ ಬೆಳಗಾಗುತ್ತೆ ಭಾವ. ಚಿಂತೆ ಬಿಡು, ಕಾರ್ಖಾನೆಗೆ ನಾನೇ ಬಿಟ್ಟು ಬರ್ತೀನಿ.” ರಾಡ್ನಿ ಅವನ ಹೆಗಲ ಮೇಲೆ ಕೈ ಹಾಕಿದ. “ಸವಾರಿ ಬಾಡಿಗೆಗೂ ಹೆದರ್ಬೇಡ. ಮನೆಯವರಿಗೆ ರಿಯಾಯಿತಿ ಇದೆ.”