ಮರುಭೂಮಿಯ ಹಳದಿ ಹೂವು

ಗಿಡಗಳ ವಿಷಯದಲ್ಲಿ ನಾನು ಶುದ್ಧ ದಡ್ಡ ಎಂದು ಮೊದಲೇ ಹೇಳಿಬಿಡುತ್ತೇನೆ. ಊಟದ ತಟ್ಟೆಗೆ ಬಂದ ಸೊಪ್ಪನ್ನು ಗುರುತಿಸಬಲ್ಲೆ. ತಟ್ಟೆಗೆ ಬರದಿದ್ದದ್ದೆಲ್ಲ ನನಗೆ ಬರೀ ಗಿಡ. ಹಿರಿಯೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನಿಗೆ ಅದಕ್ಕಿಂತ ಹೆಚ್ಚಿನ ಜ್ಞಾನ ಏಕೆ ಬೇಕು? ಬಣ್ಣ ಕೇಳಿ, ಹೇಳುತ್ತೇನೆ. ಅರಿಶಿನದ ಹಳದಿ ಯಾವುದು, ನಿಂಬೆಹಣ್ಣಿನ ಹಳದಿ ಯಾವುದು ಎಂದು ಟ್ಯೂಬ್‌ಲೈಟ್ ಬೆಳಕಿನಲ್ಲೂ ತಪ್ಪಿಲ್ಲದೆ ಹೇಳುತ್ತೇನೆ.

ನನ್ನ ಹೆಂಡತಿ ಗಿರಿಜೆಗೆ ಮಾತ್ರ ಹೂವಿನ ಹುಚ್ಚು. ನಮ್ಮ ಬೋರ್‌ವೆಲ್ಲಿನ ಸವುಳು ನೀರಿಗೆ, ಇಲ್ಲಿಯ ಗಾಳಿಗೆ, ಅವಳು ಹಾಕಿದ ಗುಲಾಬಿಯೆಲ್ಲ ಕಡ್ಡಿಯಾಗುತ್ತಿತ್ತು. ಹೋದ ಬೇಸಿಗೆಯಲ್ಲಿ ಕೊನೆಯ ಗಿಡವೂ ಸತ್ತಾಗ ಅವಳು ಕುಂಡ ಬೋರಲು ಹಾಕಿ, "ಇನ್ ಸಾಕ್ರಿ, ನಮ್ಮನೆ ಮುಂದೆ ಹೂವು ಅನ್ನಾದು ಬರಲ್ಲ" ಎಂದಳು. ಅವಳ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಈ ಅಂಗಳದಲ್ಲಿ ಒಂದಾದರೂ ಹೂವು ಅರಳಿಸಿ ಅವಳಿಗೆ ತೋರಿಸಬೇಕೆಂದು ನನಗೆ ಹಟ ಹುಟ್ಟಿತು.

ಸ್ವಲ್ಪ ದಿನಕ್ಕೆ ಹರಿಯಬ್ಬೆಗೆ ಮದುವೆಗೆ ಹೋಗಿ ಬರುವಾಗ ದಾರಿ ಬದಿಯ ಗರಸು ನೆಲದಲ್ಲಿ ಅದು ಕಂಡಿತು. ಸುತ್ತ ಹುಲ್ಲುಕಡ್ಡಿಯೂ ಇಲ್ಲ. ಅಲ್ಲೊಂದು ಎಳೆಯ ಬಳ್ಳಿ ನೆಲಕ್ಕೆ ಅಂಟಿಕೊಂಡು, ಹುಣಸೆ ಎಲೆಯಂಥ ಪುಟ್ಟ ಎಲೆಗಳ ನಡುವೆ ಅಪ್ಪಟ ನಿಂಬೆಹಳದಿಯ ಒಂದೇ ಒಂದು ಹೂ ಬಿಟ್ಟಿತ್ತು. ಬೈಕ್ ನಿಲ್ಲಿಸಿ, ಸ್ಕ್ರೂಡ್ರೈವರಿನಿಂದ ಬೇರುಸಹಿತ ಎಬ್ಬಿಸಿ, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕ ಕೂರಿಸಿ ತಂದೆ.

ಹೆಸರು ಗೊತ್ತಾಗಬೇಕಲ್ಲ? ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಹಾಕಿಕೊಂಡೆ. ಅದು ಮೊದಲ ಫೋಟೋ ನೋಡಿ ಯಾವುದೋ ದೂರದೇಶದ ಮರುಭೂಮಿಯ ಹೂವು ಎಂದಿತು. ಎರಡನೆಯ ಫೋಟೋಕ್ಕೆ ನನ್ನ ಹೆಬ್ಬೆರಳು ಅಡ್ಡ ಬಂದಿತ್ತು. ಶುಂಠಿ ಇರಬಹುದು ಎಂದಿತು. ನಾನು ಮರುಭೂಮಿಯನ್ನೇ ಒಪ್ಪಿಕೊಂಡೆ. ಅಂಗಡಿಗೆ ಸೀರೆ ನೋಡಲು ಬಂದವರಿಗೂ ಅದರ ಫೋಟೋ ತೋರಿಸಿ, "ನೀರೇ ಬೇಡ ಕಣ್ರಿ, ಮರುಭೂಮೀದು" ಎಂದು ಕೊಚ್ಚಿಕೊಂಡೆ.

ಬಳ್ಳಿ ಅಂಗಳದ ತುಂಬ ಹಬ್ಬಿತು. ಬೆಳಗಾದರೆ ಹಳದಿ ಹಳದಿ. ಗಿರಿಜೆ ಮಾತ್ರ ದಿನಾ ಅದರ ಬುಡದಲ್ಲಿ ಬಗ್ಗಿ ಏನೋ ಆರಿಸುತ್ತಿದ್ದಳು. ನಾನು ಬರಿಗಾಲಲ್ಲಿ ಇಳಿದರೆ "ಚಪ್ಪಲಿ ಹಾಕ್ಕಳ್ರಿ" ಎಂದು ಗದರುತ್ತಿದ್ದಳು. ಹೂವಿನ ಮೇಲೆ ಅವಳಿಗೆಷ್ಟು ಪ್ರೀತಿ, ನನ್ನ ಮೇಲೆ ಎಷ್ಟು ಕಾಳಜಿ ಎಂದು ನಾನು ಉಬ್ಬಿದೆ.

ಹೀಗಿರುವಾಗ ತಾಳ್ಯದಿಂದ ನಮ್ಮತ್ತೆ ಬಂದರು. ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ಅಂಗಳಕ್ಕೆ ಕಾಲಿಟ್ಟವರು, "ಅಯ್ಯಯ್ಯಪ್ಪಾ!" ಎಂದು ಅಲ್ಲೇ ಕುಂತುಬಿಟ್ಟರು. ಅಂಗಾಲಿನಿಂದ ಕಿತ್ತು ತೋರಿಸಿದ್ದು ನೆಗ್ಗಿಲು ಮುಳ್ಳು.

"ಅಳಿಯಂದ್ರೇ, ಜನ ಹೊಲದಾಗಿಂದ ಕಿತ್ತು ಬಿಸಾಕಾದ್ನ ನೀವು ನೀರಾಕಿ ಸಾಕ್ತಿದೀರಲ್ರಿ!"

ಹಿರೇಗುಂಟನೂರಿನಲ್ಲಿ ಬರಿಗಾಲಲ್ಲೇ ಶಾಲೆಗೆ ಹೋಗಿ ಬೆಳೆದವನು ನಾನು. ಆದರೆ ನೆಗ್ಗಿಲನ್ನು ನಾವೆಲ್ಲ ಅಂಗಾಲಿನಿಂದ ಗುರುತಿಸಿದವರೇ ಹೊರತು ಕಣ್ಣಿನಿಂದಲ್ಲ. ಕುಂಟುತ್ತಾ ಮುಳ್ಳು ಕೀಳುವ ಗಡಿಬಿಡಿಯಲ್ಲಿ, ಅದಕ್ಕೂ ಹೂವಿದೆ, ಅದೂ ಇಷ್ಟು ಚೆಂದದ್ದು ಎಂದು ಯಾರು ನೋಡಿದ್ದರು?

ಅತ್ತೆ ಮಗಳ ಕಡೆ ತಿರುಗಿದರು. "ಅವ್ರಿಗಂತೂ ತಿಳೀಲಿಲ್ಲ. ನಿಂಗೂ ಗೊತ್ತಾಗ್ಲಿಲ್ವೇನೇ?"

"ಚೀಲದಿಂದ ತೆಗ್ದಾಗ್ಲೇ ಗೊತ್ತಾತವ್ವ," ಎಂದಳು ಗಿರಿಜೆ, ತಾಯಿಯ ಕಾಲಿಗೆ ಅರಿಶಿನ ಒತ್ತುತ್ತಾ. "ಮದ್ವೆಯಾದಾಗಿಂದ ನಂಗೆ ಅಂತ ಅವ್ರು ತಂದಿರಾ ಹೂವು ಇದೊಂದೇ. ಹೆಂಗೆ ಕಿತ್ತಾಕ್ಲಿ?"

ನನಗೆ ಮುಳ್ಳು ಈಗ ಚುಚ್ಚಿತು. ಹೆಂಡತಿಯ ಮೇಲೆ ಆಗ ಉಕ್ಕಿದ ಪ್ರೀತಿಯನ್ನು ಅತ್ತೆಯ ಎದುರಿಗೆ ತೋರಿಸುವುದು ಹೇಗೆಂದು ತಿಳಿಯದೆ ಬೈಕ್ ಹತ್ತಿ ನೇರ ಮಾರ್ಕೆಟ್ಟಿಗೆ ಹೋದೆ. ಒಳ್ಳೆಯ ಸೇವಂತಿಗೆ ಆರಿಸಿ, ಎರಡು ಮಾರು ಹಾಕಿಸಿಕೊಂಡು ಬಂದು ಅವಳ ಕೈಗಿಟ್ಟೆ. ಹೊಗಳುತ್ತಾಳೆಂದು ಎದುರಿಗೇ ನಿಂತೆ.

ಗಿರಿಜೆ ಮಾಲೆಯನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಆಮೇಲೆ ತಾಯಿಯ ಕೈಗೆ ಕೊಟ್ಟು ಹೇಳಿದಳು:

"ನೀನೊಂದ್ಸಲ ನೋಡವ್ವ, ಇದ್ರಾಗೆ ಮುಳ್ಳು ಎಲ್ಲೈತೋ ನಂಗೆ ಕಾಣ್ತಿಲ್ಲ."