ಮರೆಯಾಗಬೇಕಿದ್ದ ನಮ್ಮ ಮರದ ಬೇಲಿಯವರಿಗೆ

ಮಾನ್ಯ ಬೇಲಿಯವರೇ,

ಸುಂಟಿಕೊಪ್ಪದ ನಮ್ಮ ಮನೆಗೂ ಪಕ್ಕದ ಬೊಳ್ಳಮ್ಮನವರ ಮನೆಗೂ ನಡುವೆ ಹಗಲಿರುಳು ನಿಂತೇ ಸೇವೆ ಸಲ್ಲಿಸುತ್ತಿರುವ ತಮಗೆ, ಕೂತರೆ ಏಳಲಾಗದ, ಎದ್ದರೆ ಕೂರಲಾಗದ ಮಂಡಿಯುಳ್ಳ ತೀರ್ಥಪ್ರಸಾದನ ಸಾಷ್ಟಾಂಗ ನಮಸ್ಕಾರಗಳು. (ಮಂಡಿ ಒಪ್ಪದ ಕಾರಣ ಕಾಗದದ ಮೇಲಷ್ಟೇ ಸ್ವೀಕರಿಸಬೇಕು.)

ತಮ್ಮನ್ನು ನೇಮಿಸಿಕೊಂಡ ಉದ್ದೇಶ ತಮಗೆ ತಿಳಿಯದ್ದೇನಲ್ಲ. ಡಾಕ್ಟರು ಹೇಳಿದ ಕಸರತ್ತನ್ನು ನಾನು ಬೆಳಗಿನ ಬಿಸಿಲಲ್ಲಿ, ಚಡ್ಡಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಮಾಡಬೇಕಿತ್ತು, ಬೊಳ್ಳಮ್ಮನವರೋ ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಾ “ತೀರ್ಥಣ್ಣ, ಇನ್ನೂ ಸ್ವಲ್ಪ ಬಗ್ಗೊಕು, ಹೊಟ್ಟೆ ಅಡ್ಡ ಉಟ್ಟು!” ಎಂದು, ಅಂದರೆ ಹೊಟ್ಟೆ ಅಡ್ಡ ಇದೆಯೆಂದು, ಬೀದಿಗೆಲ್ಲ ಕೇಳುವಂತೆ ಮಾರ್ಗದರ್ಶನ ಮಾಡುತ್ತಿದ್ದರು. ಆದ್ದರಿಂದ ಇಂಟರ್‌ನೆಟ್ಟಿನಲ್ಲಿ ಯಾವುದೋ ದೇಶದ ಬೇಲಿಯ ಚಿತ್ರ ನೋಡಿ ಮರುಳಾಗಿ, ತೋಟದ ನೆರಳಿನ ಮರಗಳನ್ನು ಸವರಿಸುವಾಗ ಬಿದ್ದ ಹಸಿ ಹಾಲುವಾಣದ ಕೊಂಬೆಗಳನ್ನು ಕಂಬವಾಗಿ ನೆಟ್ಟು, ಆಳೆತ್ತರಕ್ಕೆ ಸಿಲ್ವರ್ ಓಕ್ ಹಲಗೆ ಹೊಡೆಸಿದೆ. ಮಳೆಯಲ್ಲಿ ನೆಟ್ಟ ಹಾಲುವಾಣದ ಗೂಟ ಚಿಗುರುತ್ತದೆಂದು ಕೊಡಗಿನಲ್ಲಿ ದನಕರುಗಳಿಗೂ ಗೊತ್ತು. ಕಾಫಿಗೆ ನಾವು ನೆರಳು ಬೆಳೆಸುವುದೇ ಹಾಗೆ. ಆದರೆ ಮೊಳೆ ಹೊಡೆಸಿಕೊಂಡ ಮೇಲೆ ತಾವು ಗಿಡತನ ಬಿಟ್ಟು ಕುರ್ಚಿ ಮೇಜುಗಳಂತೆ ಸಭ್ಯವಾಗಿರುತ್ತೀರೆಂದು ನಂಬಿದ್ದೆ.

ತಾವು ಸುಮ್ಮನಿರಲಿಲ್ಲ. ಮರೆಯಾಗಲೆಂದು ನಿಲ್ಲಿಸಿದರೆ ಮರವಾದಿರಿ. ತಾವು ತಲೆಯೆತ್ತಿದಂತೆಲ್ಲ ನಾನು ತಲೆತಗ್ಗಿಸಿದೆ. ತಮ್ಮ ಸೊಂಟ ದಪ್ಪವಾಗಿ ಮೊಳೆಗಳು ಕಿತ್ತುಬಂದು, ಹಲಗೆಗಳ ನಡುವೆ ಸರಿಯಾಗಿ ಬೊಳ್ಳಮ್ಮನವರ ಕಣ್ಣಳತೆಗೇ ಸಂದಿ ಬಿಟ್ಟಿತು. (ಕರಗಬೇಕಿದ್ದದ್ದು ನನ್ನ ಸೊಂಟ; ಬೆಳೆದ ತಮ್ಮದಕ್ಕೆ ಅಭಿನಂದನೆಗಳು.) ಜೀವವಿರುವ ಕಂಬ ವ್ಯರ್ಥವಾಗಬಾರದೆಂದು ಆ ತಾಯಿ ತಮ್ಮ ಬುಡಕ್ಕೆಲ್ಲ ಮೆಣಸಿನ ಬಳ್ಳಿ ನೆಟ್ಟರು. ಬಳ್ಳಿ ಹಬ್ಬಿತು, ಕಟ್ಟಲು ಏಣಿ ಬಂತು, ಈಗ ಅವರು ಜಗಲಿ ಬಿಟ್ಟು ನನ್ನ ನೆತ್ತಿಯ ಮೇಲೆಯೇ ನಿಂತು, “ನೀವು ಮಾಡಿ ಅಣ್ಣ, ನಾ ಬಳ್ಳಿ ಕಟ್ಟಿಕೆ ಬಂದದ್,” ಎನ್ನುತ್ತಾರೆ. ಏಣಿ ಹಿಡಿದ ಕೆಲಸದ ಚೋಮಿ ಕೆಳಗಿನಿಂದ “ಎಷ್ಟಾತ್ ಅಕ್ಕ?” ಎಂದು ಕೇಳಿದರೆ, “ಒಂದೂ ಇಲ್ಲೆ, ಬರೀ ಉಸ್ರು ಬುಡ್ದೇ ಉಟ್ಟು,” ಎಂಬ ವೀಕ್ಷಕ ವಿವರಣೆ!

ತಮ್ಮನ್ನು ಕಡಿಸೋಣವೆಂದರೆ ಮೈತುಂಬ ಅವರ ಮೆಣಸಿದೆ. ಫಸಲು ಹಿಡಿದ ಬಳ್ಳಿಗೆ ಕತ್ತಿ ಇಟ್ಟವನನ್ನು ನಮ್ಮೂರು ಕ್ಷಮಿಸುವುದಿಲ್ಲ. ಆದಕಾರಣ ತಾವೇ ದೊಡ್ಡ ಮನಸ್ಸು ಮಾಡಿ ಕೂಡಲೇ ಒಣಗಿ, ಶಿಸ್ತಿನ ಸತ್ತ ಮರವಾಗಬೇಕು. ಸಾಯಲು ಮನಸ್ಸಿಲ್ಲದಿದ್ದರೆ ತುದಿಯ ಬದಲು ಸಂದಿಯಿರುವ ನಡುವಿನಲ್ಲಿ ಎಲೆ ಬಿಡಬೇಕು. ಅದೂ ಆಗದಿದ್ದರೆ ಎರಡು ಮನೆಗಳ ನಡುವಿನಿಂದ ಎದ್ದು ಹೋಗಿ, ಬೊಳ್ಳಮ್ಮನವರಿಗೂ ಅವರ ಏಣಿಗೂ ನಡುವೆ ನಿಲ್ಲಬೇಕಾಗಿ ಕೋರುತ್ತೇನೆ.

ಸಂದಿಯ ಈಚೆಯಿಂದ,
ಆಪಾದಮಸ್ತಕ ಗೋಚರಿಸುತ್ತಿರುವ ತಮ್ಮ ವಿಶ್ವಾಸಿ,
ತೀರ್ಥಪ್ರಸಾದ್

ವಿ.ಸೂ.: ನಮ್ಮ ಇನ್ನೊಂದು ಬದಿಯ ನೆರೆಯವರಾದ ದೇರಪ್ಪನವರು ತಮ್ಮ ಸೊಂಪನ್ನು ಮೆಚ್ಚಿ, ನಮ್ಮಿಬ್ಬರ ನಡುವೆಯೂ ಇಂಥದ್ದೇ ಬೇಲಿ ಹಾಕಿಸಲು ತಮ್ಮ ಕೊಂಬೆಗಳನ್ನು ಕೇಳಿ ಒಯ್ದಿದ್ದಾರೆ. ಇನ್ನು ಅಂಗಳದಲ್ಲೇ ಹಾಯಾಗಿ ಸ್ನಾನ ಮಾಡಬಹುದಲ್ಲ ಎಂದು ಬಹಳ ಹಿಗ್ಗಿದ್ದಾರೆ. ಅವರ ಹಿಗ್ಗು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಆ ಬೇಲಿಯ ನನ್ನ ಬದಿಗೆ ನೆಡಲು ಬೊಳ್ಳಮ್ಮನವರಲ್ಲಿ ಒಂದೆರಡು ಮೆಣಸಿನ ಬಳ್ಳಿ ಹೇಳಿಟ್ಟಿದ್ದೇನೆ.