ಶುಕ್ರಗ್ರಹದ ರೂಲ್ಸು, ನಮ್ಮ ರಸ್ತೆಯ ಗುಂಡಿ

ನಮ್ಮ ಯಜಮಾನರಿಗೆ ಶುಕ್ರಗ್ರಹದಲ್ಲಿ ಒಂದು ಗುಂಟೆ ತೋಟವೂ ಇಲ್ಲ. ಆದರೂ ಅಲ್ಲಿನ ಕಾನೂನನ್ನು ಬಾಳೂರಿನ ನಮ್ಮ ಎಸ್ಟೇಟ್ ರಸ್ತೆಯಲ್ಲಿ ಜಾರಿಗೆ ತಂದ ಪುಣ್ಯಾತ್ಮರು ಅವರು. ಫೋನಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತಿದ್ದೇನೆ, ಇವರನ್ನು ಬಿಟ್ಟು ಇನ್ನೇನು ಬರೆಯಲಿ?

ಶುಕ್ರನ ಮೇಲೆ ಆಕಾಶದಿಂದ ಕಲ್ಲು ಬಿದ್ದು ಕುಳಿಗಳಾಗಿವೆಯಂತೆ. ಅವಕ್ಕೆಲ್ಲ ಹೆಂಗಸರ ಹೆಸರೇ ಇಡಬೇಕಂತೆ. ದೊಡ್ಡ ಕುಳಿಗೆ ತೀರಿಹೋದ ಹೆಸರಾಂತ ಹೆಂಗಸರದು, ಸಣ್ಣದಕ್ಕೆ ಯಾವುದಾದರೂ ಸಾಮಾನ್ಯ ಹೆಣ್ಣು ಹೆಸರು. ಇದನ್ನು ಎಲ್ಲೋ ಓದಿದ್ದೇ ತಡ, ಇವರು ಬಣ್ಣದ ಡಬ್ಬಿ ಹಿಡಿದು ರಸ್ತೆಗಿಳಿದರು. ನಮ್ಮ ಗುಂಡಿಗಳು ಕಾಫಿ ಮೂಟೆಯ ಲಾರಿಯಿಂದ ಆದವಲ್ಲವೇ ಎಂದರೆ, "ಮೇಲಿಂದ ಗುದ್ದಿದ್ದಾ ಇಲ್ವಾ, ಅಷ್ಟು ಹೇಳು" ಎಂದರು.

ಗುಂಡಿಗೊಂದು ಹಲಗೆ. ಊರಿಗೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ ಪುಟ್ಟಮ್ಮನಿಗೆ ತಿರುವಿನ ದೊಡ್ಡ ಗುಂಡಿ. ನಮ್ಮತ್ತೆಗೆ ಅದಕ್ಕಿಂತ ಆಳದ್ದು. ಒಂದು ದಿನ ಜೀಪಿನ ಡ್ರೈವರ್ ಬಂದು, "ಅಮ್ಮಾ, ನಿಮ್ಮತ್ತೆಯೋರು ಇವತ್ತು ಆಕ್ಸಲ್ ಮುರಿದ್ರು" ಎಂದ. ಬದುಕಿದ್ದಾಗಲೂ ಅವರು ಹಾಗೇ. ನನಗೇನೂ ಆಶ್ಚರ್ಯವಾಗಲಿಲ್ಲ.

ಗೇಟಿನೆದುರಿನ ಗುಂಡಿ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಮಾತ್ರ ಹೆಸರಿರಲಿಲ್ಲ. ನನಗೆ ಆಸೆ.

"ಅದಕ್ಕೆ ನನ್ನ ಹೆಸರು ಇಡ್ರೀ."

"ನಿಂಗೇ ಅಂತ ಉಳ್ಸಿರೋದು ಮಾರಾಯ್ತಿ. ಆದ್ರೆ ಸತ್ತು ಮೂರು ವರ್ಷ ಆಗಿರ್ಬೇಕು. ರೂಲ್ಸು."

"ಅಷ್ಟೊತ್ತಿಗೆ ಹಲಗೆ ನೆಡಕ್ಕೆ ನೀವಿರ್ತೀರಾ?"

"ಅದ್ಕೇ ಅಂತ ಬೇಗ ಹೊರಡು ಅನ್ನಕ್ಕಾಗುತ್ತಾ?"

"ಹಂಗಾದ್ರೆ ಸಣ್ಣದೇ ಕೊಡಿ."

"ನನ್ನ ಜೊತೆ ಇಷ್ಟು ವರ್ಷ ಏಗಿದೋಳಿಗೆ ಸಣ್ಣದಾ? ಆಗಲ್ಲ."

ಹೊಗಳಿಕೆಯೇ ಇರಬೇಕು ಎಂದುಕೊಂಡೆ.

ಈ ಮಳೆಗಾಲ ನನ್ನ ಎದೆ ಕೈಕೊಟ್ಟಿತು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಇವರು ಮಂಚದ ಪಕ್ಕ ಕೂತವರು ಶುಕ್ರನ ಸುದ್ದಿಯನ್ನೇ ಎತ್ತಲಿಲ್ಲ. ಡಾಕ್ಟರ ಮುಖಕ್ಕಿಂತ ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ವಾಸಿಯಾಗಿ ಮನೆಗೆ ಬರುವಾಗ ಗೇಟಿನ ಹತ್ತಿರ ಜೀಪು ಕುಲುಕಲೇ ಇಲ್ಲ. ಬಗ್ಗಿ ನೋಡಿದರೆ ಗುಂಡಿ ಮಾಯ. ಕಲ್ಲು ತುಂಬಿ ಮಟ್ಟ ಮಾಡಿದ್ದಾರೆ.

"ಅಯ್ಯೋರೇ ನಿನ್ನೆ ಬಂದು ಕಲ್ಲು ಹೊತ್ತು ಮುಚ್ಚಿದ್ದಮ್ಮ. ನಂಗೆ ಮುಟ್ಟಕ್ಕೂ ಬಿಡ್ಲಿಲ್ಲ" ಎಂದ ಡ್ರೈವರ್.

"ನನ್ನ ಗುಂಡಿ ಯಾಕ್ರೀ ಮುಚ್ಚಿದ್ರಿ?"

ಇವರು ರಸ್ತೆಯನ್ನೇ ನೋಡುತ್ತಾ, "ಅದು ಬೇಡ" ಎಂದರು.

ಅಡುಗೆಮನೆಯ ಹಿಂಬಾಗಿಲಲ್ಲಿ, ಸೂರಿನ ನೀರು ಮೇಲಿಂದ ಗುದ್ದಿ ಗುದ್ದಿ ಬೋಗುಣಿಯಷ್ಟು ಒಂದು ಗುಂಡಿಯಾಗಿತ್ತು. ಪಕ್ಕದಲ್ಲೊಂದು ಹಲಗೆ, ಬಣ್ಣ ಇನ್ನೂ ಹಸಿ. ಅದರ ಮೇಲೆ ನನ್ನ ಹೆಸರು.

"ಸಣ್ಣದಕ್ಕೆ ಸತ್ತಿರ್ಬೇಕು ಅಂತೇನೂ ಇಲ್ಲ" ಎಂದರು.